ಎರಡು ಸೆಕೆಂಡ್ ಸದ್ದು, ಇಪ್ಪತ್ತು ವರ್ಷದ ಕೇಸು

ಜರ್ಮನಿಯಲ್ಲಿ ಒಂದು ಕೇಸಿದೆ. ಜಮೀನಿನದ್ದಲ್ಲ, ಪಾಲುಪಟ್ಟಿಯದ್ದಲ್ಲ. ಎರಡೇ ಎರಡು ಸೆಕೆಂಡ್ ಸದ್ದಿನದ್ದು. ನಮ್ಮ ಕಡೆ ಬದುವಿನ ಕೇಸು ತಾತನ ಕಾಲದಲ್ಲಿ ಹಾಕಿದ್ದು ಮೊಮ್ಮಗನ ಕಾಲದಲ್ಲೂ ವಾಯಿದೆ ಮೇಲೆ ವಾಯಿದೆ ಅಂತ ನಡೀತಾ ಇರುತ್ತಲ್ಲ, ಇದೂ ಅದೇ ಜಾತಿ. 1999ರಲ್ಲಿ ಶುರುವಾಗಿದ್ದು ಇಪ್ಪತ್ತು ವರ್ಷ ದಾಟಿದರೂ ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಮತ್ತೆ ಕೆಳಗಿನ ಕೋರ್ಟು ಅಂತ ಓಡಾಡಿತು. ಹಾಕಿದವರು ಕ್ರಾಫ್ಟ್‌ವರ್ಕ್ ಅನ್ನುವ ಒಂದು ಮ್ಯೂಸಿಕ್ ತಂಡದವರು. ನಿಮ್ಮೂರ ಗಣೇಶ ಮೆರವಣಿಗೆಯಲ್ಲಿ ಡಿಜೆ ಗಾಡಿ ಹಿಂದೆ ಕುಣಿಯುವ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಅವರ ಎದೆಗೆ ಗುದ್ದುವ ಸದ್ದಿನ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಈ ಮನೆಯೇ.

ನಾನು ಕ್ರಾಫ್ಟ್‌ವರ್ಕ್ ಹತ್ತಿರ ಹೋಗಿದ್ದು ಸಂಗೀತದ ಹುಚ್ಚಿನಿಂದಲ್ಲ. ನಮ್ಮ ದೊಡ್ಡಪ್ಪನ ತಮಟೆಯಿಂದ.

ದೊಡ್ಡಪ್ಪ ಶ್ರೀನಿವಾಸಪುರ ತಾಲ್ಲೂಕಿನವರು. ಮಾವಿನ ಕಾಲದಲ್ಲಿ ಮಂಡಿಗೆ ಕಾಯಿ ಕೀಳುವ ಕೆಲಸ, ಉಳಿದ ದಿನ ಕೂಲಿ, ಹಬ್ಬ ಬಂದರೆ ತಮಟೆ. ಅವರದ್ದು ಆರು ಜನರ ಸೆಟ್ಟು. ಮುಳಬಾಗಿಲು ಕಡೆಯ ಒಂದು ಊರಿನಲ್ಲಿ ದೀಪೋತ್ಸವಕ್ಕೆ ಕರೆದಿದ್ದರು. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನ ಗುಡಿಗೆ ಹೋಗುವಾಗ ಮುಂದೆ ತಮಟೆ ಇರಲೇಬೇಕು. ಅದು ಮುಗಿದ ಮೇಲೆ ರಾತ್ರಿ ಮೆರವಣಿಗೆಗೆ ಮಾತ್ರ ಡಿಜೆ. ತಮಟೆಯವರು ಊಟ ಮಾಡಿ ಒಂದು ಮನೆಯ ಜಗುಲಿ ಮೇಲೆ ಕೂತಿದ್ದರು. ಸುದ್ದಿಗೆ ಅಂತ ಹೋಗಿದ್ದ ನಾನೂ ಪಕ್ಕದಲ್ಲಿದ್ದೆ. ಡಿಜೆ ಗಾಡಿ ಬಂತು, ತಮಟೆ ಮಿಕ್ಸ್ ಅಂತ ಒಂದನ್ನು ಹಾಕಿದರು. ದೊಡ್ಡಪ್ಪ ಬೀಡಿ ಹಚ್ಚುತ್ತಾ ಇದ್ದವರು ಕೈ ನಿಲ್ಲಿಸಿದರು.

"ಇದು ನಮ್ದೇ ಕಣಪ್ಪ" ಅಂದರು.

ಎಲ್ಲ ತಮಟೆನೂ ಒಂದೇ ಥರ ಇರುತ್ತೆ ಬಿಡಿ ದೊಡ್ಡಪ್ಪ ಅಂದೆ. ಇಲ್ಲ ಅಂದರು. ಅವರ ಸೆಟ್ಟಿನಲ್ಲಿ ಒಬ್ಬರಿಗೆ ಎಡಗೈ ಬೆರಳು ಒಂದು ಅರ್ಧ ಇಲ್ಲ, ಕಬ್ಬಿನ ಗಾಣಕ್ಕೆ ಸಿಕ್ಕಿದ್ದು. ಸಣ್ಣ ಕಡ್ಡಿಯ ಪೆಟ್ಟು ಅವರಿಗೆ ಒಂದು ಚೂರು ತಡವಾಗಿ ಬೀಳುತ್ತೆ. ಉಳಿದ ಐದು ಜನ ವರ್ಷಗಳಿಂದ ಆ ತಡಕ್ಕೆ ಜಾಗ ಬಿಟ್ಟು ಬಾರಿಸುವುದು ರೂಢಿ ಮಾಡಿಕೊಂಡಿದ್ದಾರೆ. ಆ ಜಾಗ ಡಿಜೆ ಪೆಟ್ಟಿಗೆಯಿಂದ ಹಾಗೇ ಕೇಳಿಸುತ್ತಿತ್ತು. ಒಂದು ಸಲ ಗೊತ್ತಾದ ಮೇಲೆ ನನಗೂ ಕೇಳಿಸಿತು. ಪ್ರತಿ ನಾಲ್ಕನೇ ಸುತ್ತಿಗೆ ಒಂದು ಸಣ್ಣ ಎಡವು. ಅದೇ ತುಂಡು, ಮತ್ತೆ ಮತ್ತೆ, ಕೆಳಗೆ ಬೂಮ್ ಬೂಮ್ ಅಂತ ಮಿಷಿನ್ನು.

ಯಾವುದೋ ಜಾತ್ರೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿದ್ದು ಹೇಗೋ ಅಲ್ಲಿಗೆ ತಲುಪಿತ್ತು. ಆ ರಾತ್ರಿ ಡಿಜೆಗೆ ಕೊಟ್ಟಿದ್ದು ನಲವತ್ತು ಸಾವಿರ. ತಮಟೆ ಆರು ಜನಕ್ಕೆ ಏಳು ಸಾವಿರ, ಊಟ.

ದೊಡ್ಡಪ್ಪನಿಗೆ ಸಿಟ್ಟು ಬಂದಿತ್ತು ಅಂತ ಬರೆದರೆ ಸುಳ್ಳಾಗುತ್ತೆ. ಅವರಿಗೆ ಮೊದಲು ಆಗಿದ್ದು ಖುಷಿ. ಎದ್ದು ಹೋಗಿ ಗಾಡಿ ಪಕ್ಕ ನಿಂತು ಕೇಳಿದರು. ವಾಪಸ್ ಬಂದು ಕೂತ ಮೇಲೆ ಒಂದೇ ಮಾತು ಕೇಳಿದರು: "ಇದು ನಾವೇ ಅಂತ ಆ ಹುಡುಗನಿಗೆ ಗೊತ್ತೇನಪ್ಪ?"

ಆ ಹುಡುಗನನ್ನು ಹುಡುಕುವುದು ಕಷ್ಟವಾಗಲಿಲ್ಲ. ಮಾಲೂರಿನವನು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ, ರಜಾ ದಿನ ಡಿಜೆ. ಪೆಟ್ಟಿಗೆಗಳನ್ನು ಸಾಲ ಮಾಡಿ ತಂದಿದ್ದಾನೆ, ಇನ್ನೂ ಕಂತು ಕಟ್ಟುತ್ತಿದ್ದಾನೆ. ಮಿಕ್ಸ್ ತಾನು ಮಾಡಿದ್ದಲ್ಲ, ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದು ಅಂದ. ತಾನು ಮಾಡಿದ ಒಂದು ಸಿನಿಮಾ ರಿಮಿಕ್ಸ್ ಅನ್ನು ಆಡಿಯೋ ಕಂಪನಿಯವರು ಯೂಟ್ಯೂಬ್‌ನಿಂದ ತೆಗೆಸಿದ್ದರು ಅಂತ ಅವನದ್ದೇ ಗೋಳು. "ಸಿನಿಮಾ ಹಾಡು ಮುಟ್ಟಿದ್ರೆ ಸ್ಟ್ರೈಕ್ ಬೀಳುತ್ತೆ ಸಾರ್. ಅದಕ್ಕೇ ತಮಟೆ ಸೇಫು, ಯಾರೂ ಕೇಳಲ್ಲ."

ಯಾರೂ ಕೇಳಲ್ಲ. ಆ ಮಾತು ಬೈಕಿನಲ್ಲಿ ಮಾಲೂರಿಂದ ಕೋಲಾರಕ್ಕೆ ಬರುವವರೆಗೂ ತಲೆಯಲ್ಲಿ ಕೂತಿತ್ತು. ಕೇಳಿದವರು ಯಾರಾದರೂ ಇದ್ದಾರಾ, ಬರೀ ಬಾರಿಸಿದ ಒಂದು ತುಂಡು ಸದ್ದಿಗೆ ಕೇಸು ಹಾಕಿದವರು ಯಾರಾದರೂ ಇದ್ದಾರಾ ಅಂತ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕವರೇ ಈ ಜರ್ಮನಿಯವರು. ಆಮೇಲೆ ಕೇಸು ಬಿಟ್ಟು ಅವರ ಹಾಡಿಗೆ ಸಿಕ್ಕಿಕೊಂಡೆ. ತಿಂಗಳುಗಟ್ಟಲೆ ಕೇಳಿದೆ. ಅದರ ಕಥೆ ಹೇಳದೆ ಕೇಸು ಹೇಳಿದರೆ ಅರ್ಥ ಆಗಲ್ಲ.

ಡ್ಯೂಸೆಲ್‌ಡಾರ್ಫ್ ಅಂತ ಜರ್ಮನಿಯಲ್ಲಿ ಒಂದು ಊರು, ಸುತ್ತ ಕಲ್ಲಿದ್ದಲು, ಉಕ್ಕಿನ ಕಾರ್ಖಾನೆಗಳ ಸೀಮೆ. ರಾಲ್ಫ್ ಹುಟ್ಟರ್, ಫ್ಲೋರಿಯಾನ್ ಷ್ನೈಡರ್ ಅನ್ನುವ ಇಬ್ಬರು ಓದುವ ಹುಡುಗರು 1970ರಲ್ಲಿ ಅಲ್ಲಿ ತಂಡ ಕಟ್ಟಿದರು. ಕ್ರಾಫ್ಟ್‌ವರ್ಕ್ ಅಂದರೆ ಅವರ ಭಾಷೆಯಲ್ಲಿ ಕರೆಂಟ್ ತಯಾರಿಸುವ ಸ್ಥಾವರ. ನಮ್ಮ ಜಿಲ್ಲೆಯವರಿಗೆ ಈ ಹೆಸರು ಹೊಸದಾಗಿ ಕಾಣಬಾರದು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟ್ ತಂದಾಗ ದೇಶದಲ್ಲಿ ಬಹಳ ಊರುಗಳು ಇನ್ನೂ ಬುಡ್ಡಿ ದೀಪದಲ್ಲಿದ್ದವು. ಮಿಷಿನ್ ಸದ್ದು ಕೇಳಿಕೊಂಡೇ ಬೆಳೆದವರು ಇಲ್ಲೂ ಇದ್ದಾರೆ.

ಷ್ನೈಡರ್ ಮೊದಲು ಬಾರಿಸುತ್ತಿದ್ದದ್ದು ಕೊಳಲು. ಮೊದಲ ಮೂರು ಆಲ್ಬಂ ಕೇಳಿದರೆ ಕೊಳಲು, ಆರ್ಗನ್, ಗೊಂದಲ ಎಲ್ಲಾ ಇದೆ. ಅವನ್ನು ತಂಡದವರೇ ಆಮೇಲೆ ಮೂಲೆಗೆ ತಳ್ಳಿದರು, ಮತ್ತೆ ಅಚ್ಚು ಹಾಕಿಸಲೇ ಇಲ್ಲ. ಅವರ ನಿಜವಾದ ಲೆಕ್ಕ ಶುರುವಾಗುವುದು 1974ರ 'ಆಟೋಬಾನ್' ಇಂದ. ಆಟೋಬಾನ್ ಅಂದರೆ ಅಲ್ಲಿಯ ಹೆದ್ದಾರಿ. ಇಪ್ಪತ್ತೆರಡು ನಿಮಿಷಕ್ಕೂ ಹೆಚ್ಚು ಉದ್ದದ ಹಾಡು. ಕಾರು ಸ್ಟಾರ್ಟ್ ಆಗುತ್ತೆ, ಹಾರ್ನ್ ಹೊಡೆಯುತ್ತೆ, ಹೋಗುತ್ತೆ, ಅಷ್ಟೇ. ಪ್ರೇಮ ಇಲ್ಲ, ವಿರಹ ಇಲ್ಲ. ನಾನು ಅದನ್ನು ಪೂರ್ತಿ ಕೇಳಿದ್ದು ನರಸಾಪುರ ದಾಟಿದ ಮೇಲೆ ಹೆದ್ದಾರಿ ಪಕ್ಕ ಮಳೆಗೆ ನಿಂತುಕೊಂಡು. ಮುಳಬಾಗಿಲು ಕಡೆ ಟೊಮೆಟೊ ಲಾರಿಗಳು ಹೋಗುತ್ತಾ ಇದ್ದವು, ಚಕ್ರದ ಸದ್ದು ಯಾವುದು ಹಾಡಿನ ಸದ್ದು ಯಾವುದು ಗೊತ್ತಾಗಲಿಲ್ಲ. ಅದನ್ನೇ ಕತ್ತರಿಸಿ ಮೂರು ನಿಮಿಷ ಚಿಲ್ಲರೆ ಮಾಡಿದ ಸಿಂಗಲ್ಲು ಅಮೆರಿಕಾ, ಇಂಗ್ಲೆಂಡಿನ ಪಟ್ಟಿಗಳಲ್ಲಿ ಮೇಲೆ ಹೋಯಿತು. ಜರ್ಮನ್ ಭಾಷೆಯ ಹಾಡು ಅಮೆರಿಕಾದ ರೇಡಿಯೋದಲ್ಲಿ ಬರುವುದು ಆಗ ಸಣ್ಣ ಮಾತಲ್ಲ.

ಡ್ರಮ್ಮಿನ ವಿಚಾರಕ್ಕೆ ಬರುತ್ತೇನೆ. ನನಗೆ ಇವರು ಹತ್ತಿರದವರು ಅನ್ನಿಸಿದ್ದು ಇಲ್ಲೇ. ವೋಲ್ಫ್‌ಗಾಂಗ್ ಫ್ಲೂರ್ ಅನ್ನುವವರು 1973ರಲ್ಲಿ ತಂಡಕ್ಕೆ ಸೇರಿದರು. ಅವರ ಮುಂದೆ ಡ್ರಮ್ ಇಲ್ಲ. ಒಂದು ಹಲಗೆ ಮೇಲೆ ಲೋಹದ ಬಿಲ್ಲೆಗಳು, ಕೈಯಲ್ಲಿ ಲೋಹದ ಸಣ್ಣ ಕಡ್ಡಿಗಳು. ಕಡ್ಡಿ ಬಿಲ್ಲೆಗೆ ತಾಗಿದರೆ ಕರೆಂಟ್ ಹರಿದು ಡ್ರಮ್ ಸದ್ದು ಬರುತ್ತೆ. ತಾವೇ ಕೂತು ಮಾಡಿಕೊಂಡಿದ್ದು. ಹಳೆ ವಿಡಿಯೋದಲ್ಲಿ ಅವರು ನಿಂತುಕೊಂಡು ಎರಡು ಕಡ್ಡಿಯಲ್ಲಿ ಬಾರಿಸುವುದು ನೋಡಿ ದೊಡ್ಡಪ್ಪನಿಗೆ ತೋರಿಸಿದೆ. "ಇವನೂ ನಮ್ಮ ಥರಾನೇ, ಕಾಯಿಸೋ ತಾಪತ್ರಯ ಇಲ್ಲ ಅಷ್ಟೇ" ಅಂದರು. ಚರ್ಮದ ತಮಟೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸದೆ ಇದ್ದರೆ ಕಂಚಿನಂಥ ದನಿ ಏಳಲ್ಲ, ಮಳೆಗಾಲದಲ್ಲಂತೂ ಕಾಲು ಗಂಟೆಗೊಂದು ಸಲ ಕಾಯಿಸಬೇಕು. ಈಗ ನಟ್ಟು ಬೋಲ್ಟಿನ ಪ್ಲಾಸ್ಟಿಕ್ ತಮಟೆ ಬಂದಿದೆ. ದೊಡ್ಡಪ್ಪನ ಸೆಟ್ಟಿನಲ್ಲೂ ಎರಡಿವೆ. ಅಂದರೆ ನಮ್ಮ ಕಡೆಯೂ ಯಾರೂ ಹಳೆಯದನ್ನೇ ಹಿಡಿದು ಕೂತಿಲ್ಲ.

1977ರಲ್ಲಿ 'ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್' ಬಂತು. ಯುರೋಪಿನ ಊರಿಂದ ಊರಿಗೆ ಓಡುತ್ತಿದ್ದ ರೈಲಿನ ಹೆಸರು ಅದು. ರೈಲು ಹಳಿ ಮೇಲೆ ಓಡುವ ತಾಳವನ್ನು ಮಿಷಿನ್ನಿಗೆ ಹಾಕಿದ್ದಾರೆ. ಮಾಲೂರು, ಬಂಗಾರಪೇಟೆಯಿಂದ ದಿನಾ ಬೆಳಗ್ಗೆ ಬೆಂಗಳೂರು ರೈಲಿಗೆ ಜೋತು ಬೀಳುವವರಿಗೆ ಆ ತಾಳ ಹೇಳಿಕೊಡಬೇಕಾಗಿಲ್ಲ. ಅದರಲ್ಲೇ ಒಂದು ಭಾಗದ ಹೆಸರು 'ಮೆಟಾಲ್ ಔಫ್ ಮೆಟಾಲ್', ಲೋಹದ ಮೇಲೆ ಲೋಹ. ಹಾಡಿಲ್ಲ, ರಾಗ ಹೆಚ್ಚಿಲ್ಲ, ಬರೀ ಬಡಿತ. ಕಬ್ಬಿಣ ಕುಟ್ಟಿದ ಹಾಗೆ. ಈ ಹೆಸರು ನೆನಪಿಟ್ಟುಕೊಳ್ಳಿ, ಆ ಎರಡು ಸೆಕೆಂಡ್ ಇದರೊಳಗೇ ಇರುವುದು.

ಆಮೇಲೆ 1978ರಲ್ಲಿ 'ಮ್ಯಾನ್ ಮಷಿನ್'. ನಾಲ್ಕೂ ಜನ ಕೆಂಪು ಅಂಗಿ, ಕಪ್ಪು ಟೈ ಹಾಕಿಕೊಂಡು ಗೊಂಬೆಗಳ ಥರ ನಿಂತ ಫೋಟೋ ಅದರದ್ದು. ಸ್ಟೇಜ್ ಮೇಲೆ ತಮ್ಮ ಬದಲು ರೋಬೋಟ್ ಗೊಂಬೆಗಳನ್ನೇ ನಿಲ್ಲಿಸುವ ಆಟವೂ ಬೆಳೆಯಿತು. 1981ರಲ್ಲಿ 'ಕಂಪ್ಯೂಟರ್ ವರ್ಲ್ಡ್'. ನಮ್ಮ ಹಳ್ಳಿಗಳಲ್ಲಿ ಟಿವಿಯೇ ಇಲ್ಲದ ವರ್ಷ ಅದು. ಇವರು ಜೇಬಿನ ಕ್ಯಾಲ್ಕುಲೇಟರ್ ಮೇಲೆ ಒಂದು ಹಾಡು ಮಾಡಿ ಜರ್ಮನ್, ಇಂಗ್ಲಿಷ್, ಫ್ರೆಂಚ್, ಜಪಾನಿ ಅಂತ ನಾಲ್ಕು ಭಾಷೆಯಲ್ಲಿ ಹಾಡಿದರು. ಪೊಲೀಸು, ಬ್ಯಾಂಕು ಎಲ್ಲಾ ನಮ್ಮ ಲೆಕ್ಕ ಕಂಪ್ಯೂಟರಿನಲ್ಲಿ ಇಡುತ್ತವೆ ಅನ್ನುವುದನ್ನೂ ಆ ಆಲ್ಬಮ್ಮಿನಲ್ಲಿ ಹೇಳಿದರು. ಅದೇ ವರ್ಷದ ಪ್ರವಾಸದಲ್ಲಿ ಬಾಂಬೆಗೂ ಬಂದು ಹೋದರು.

ಇದಾದ ಮೇಲೆ ಅವರ ಸ್ಪೀಡು ಇಳಿಯಿತು. ಸೈಕಲ್ ಹುಚ್ಚು ಹಿಡಿದು 1983ರಲ್ಲಿ ಫ್ರಾನ್ಸಿನ ಸೈಕಲ್ ರೇಸಿನ ಮೇಲೆ ಒಂದು ಹಾಡು, 1986ರಲ್ಲಿ ಒಂದು ಆಲ್ಬಂ, 1991ರಲ್ಲಿ ಹಳೆಯದನ್ನೇ ಹೊಸದಾಗಿ ಮಾಡಿದ್ದು, ಪೂರ್ತಿ ಹೊಸ ಆಲ್ಬಂ ಬಂದಿದ್ದು 2003ರಲ್ಲಿ. ಫ್ಲೂರ್, ಕಾರ್ಲ್ ಬಾರ್ಟೋಸ್ ಇಬ್ಬರೂ ಬಿಟ್ಟು ಹೋದರು. ಷ್ನೈಡರ್ 2008ರಲ್ಲಿ ಬಿಟ್ಟರು, 2020ರಲ್ಲಿ ತೀರಿಕೊಂಡರು. ಹುಟ್ಟರ್ ಮಾತ್ರ ಹೊಸಬರನ್ನು ಕಟ್ಟಿಕೊಂಡು ನಡೆಸಿದರು. 2012ರಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಮ್ಯೂಸಿಯಮ್ಮಿನಲ್ಲಿ ಎಂಟು ರಾತ್ರಿ ಎಂಟು ಆಲ್ಬಂ ನುಡಿಸಿದರು. ಗ್ರ್ಯಾಮಿಯೂ ಬಂತು. ಇದೆಲ್ಲಾ ಬಹುಮಾನದ ಪಟ್ಟಿ, ಬಿಡಿ.

ನಮಗೆ ಬೇಕಾದ್ದು ಬೇರೆ. ಅವರ ಸದ್ದು ಅವರ ಕೈಬಿಟ್ಟು ಎಲ್ಲಿಗೆ ಹೋಯಿತು ಅನ್ನುವುದು.

1982ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನುವ ಬಡವರ ಬೀದಿಗಳಿಂದ ಬಂದ ಕರಿಯ ಹುಡುಗರ ತಂಡವೊಂದು 'ಪ್ಲಾನೆಟ್ ರಾಕ್' ಅಂತ ಒಂದು ಹಾಡು ಮಾಡಿತು. ಮುಂದಾಳು ಆಫ್ರಿಕಾ ಬಂಬಾಟಾ. ಅದರಲ್ಲಿ ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್ಸಿನ ರಾಗ ಇದೆ, ಕಂಪ್ಯೂಟರ್ ವರ್ಲ್ಡ್‌ನ ಒಂದು ತಾಳ ಇದೆ. ರೆಕಾರ್ಡು ಕತ್ತರಿಸಿ ಅಂಟಿಸಿದ್ದಲ್ಲ, ತಾವೇ ಮತ್ತೆ ನುಡಿಸಿದ್ದು. ತಾಳಕ್ಕೆ ಬಳಸಿದ್ದು ರೋಲ್ಯಾಂಡ್ ಕಂಪನಿಯ 808 ಅನ್ನುವ ಡ್ರಮ್ ಮಿಷಿನ್. ಈಗಿನ ಡಿಜೆ ಗಾಡಿ ಬಂದಾಗ ಕಿಟಕಿ ಗಾಜು ನಡುಗಿಸುವ ಆ ಕೆಳಗಿನ ಬೂಮ್ ಇದೆಯಲ್ಲ, ಅದರ ತಾತ ಈ 808. ಹಾಡು ಓಡಿದ ಮೇಲೆ ಜರ್ಮನಿಯವರು ಕೇಳಿದರು, ರೆಕಾರ್ಡ್ ಕಂಪನಿ ದುಡ್ಡು ಕೊಟ್ಟು ರಾಜಿ ಮಾಡಿಕೊಂಡಿತು.

ಡೆಟ್ರಾಯಿಟ್‌ನಲ್ಲಿ ಇನ್ನೊಂದು ಕಥೆ. ಕಾರು ತಯಾರಿಸುವ ಊರು. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅನ್ನುವ ಮೂರು ಜನ ಕರಿಯ ಹುಡುಗರು ರಾತ್ರಿ ರೇಡಿಯೋದಲ್ಲಿ ಕ್ರಾಫ್ಟ್‌ವರ್ಕ್ ಕೇಳಿ ಬೆಳೆದವರು. ಅಗ್ಗಕ್ಕೆ ಸಿಕ್ಕ ಮಿಷಿನ್ ಇಟ್ಟುಕೊಂಡು ಅವರು ಮಾಡಿದ್ದೇ ಟೆಕ್ನೋ. ಪ್ರಪಂಚದ ಕುಣಿತದ ಸಂಗೀತ ಅರ್ಧ ಅಲ್ಲಿಂದ ಕವಲೊಡೆದಿದೆ. ಅಪ್ಪ ಕಾರ್ಖಾನೆಯಲ್ಲಿ, ಮಗ ಮಿಷಿನ್ ಹಾಡಿನಲ್ಲಿ. ಶಿಫ್ಟ್ ಮುಗಿಸಿ ಬಂದು ಲ್ಯಾಪ್‌ಟಾಪ್ ತೆಗೆಯುವ ಮಾಲೂರಿನ ಹುಡುಗನನ್ನು ನೋಡಿದರೆ ನನಗೆ ಅವರು ನೆನಪಾಗುತ್ತಾರೆ. ಅದಕ್ಕೇ ಅವನನ್ನು ಕಳ್ಳ ಅಂತ ಬರೆಯಲು ನನಗೆ ಕೈ ಬರಲ್ಲ.

ಈಗ ಕೇಸಿಗೆ ಬರೋಣ. 1997ರಲ್ಲಿ ಜರ್ಮನಿಯಲ್ಲೇ ಮೋಸೆಸ್ ಪೆಲ್ಹಾಂ ಅನ್ನುವ ನಿರ್ಮಾಪಕ, ಸಬ್ರಿನಾ ಸೆಟ್ಲೂರ್ ಅನ್ನುವ ಗಾಯಕಿಯ 'ನೂರ್ ಮೀರ್' ಅನ್ನುವ ಹಾಡಿಗೆ 'ಮೆಟಾಲ್ ಔಫ್ ಮೆಟಾಲ್'ನಿಂದ ಎರಡು ಸೆಕೆಂಡ್ ಕತ್ತರಿಸಿ, ಸ್ವಲ್ಪ ನಿಧಾನ ಮಾಡಿ, ಹಾಡಿನುದ್ದಕ್ಕೂ ಸುತ್ತಿಸಿದರು. ಕೇಳಲಿಲ್ಲ, ಹೇಳಲಿಲ್ಲ. ಹುಟ್ಟರ್ ಮತ್ತು ಷ್ನೈಡರ್ ಕೋರ್ಟಿಗೆ ಹೋದರು. ಎರಡು ಸೆಕೆಂಡ್ ಸದ್ದಿಗೆ ಮಾಲೀಕ ಇರುತ್ತಾನಾ? ಇರುತ್ತಾನೆ ಅಂತ ಒಂದು ಕೋರ್ಟು. 2016ರಲ್ಲಿ ಅಲ್ಲಿಯ ಸಂವಿಧಾನ ಪೀಠ ಕಲಾವಿದನ ಸ್ವಾತಂತ್ರ್ಯವನ್ನೂ ತೂಕಕ್ಕೆ ಹಾಕಿ, ಮತ್ತೆ ನೋಡಿ ಅಂತ ವಾಪಸ್ ಕಳಿಸಿತು. 2019ರಲ್ಲಿ ಇಡೀ ಯುರೋಪ್ ಒಕ್ಕೂಟದ ಕೋರ್ಟು, ತುಂಡು ಎಷ್ಟೇ ಸಣ್ಣದಿರಲಿ ರೆಕಾರ್ಡಿನಿಂದ ತೆಗೆದರೆ ಒಪ್ಪಿಗೆ ಬೇಕು, ಕಿವಿಗೆ ಗುರುತೇ ಸಿಗದ ಹಾಗೆ ಬದಲಾಯಿಸಿದ್ದರೆ ಮಾತ್ರ ಬೇಡ ಅಂತ ಹೇಳಿತು. ಆಮೇಲೂ ಮುಗಿಯಲಿಲ್ಲ. ಕೇಸು ನಡೆಯುತ್ತಿರುವಾಗಲೇ ಷ್ನೈಡರ್ ಹೋಗಿಬಿಟ್ಟರು.

ನಾನು ಯಾರ ಕಡೆ? ನಿಜ ಹೇಳಬೇಕು ಅಂದರೆ ಕೋರ್ಟಿಗೆ ಎಳೆದದ್ದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ರೈಲಿನ ತಾಳವನ್ನು ತೆಗೆದುಕೊಳ್ಳುವಾಗ ಇವರೇನು ರೈಲ್ವೆ ಕೂಲಿಗಳನ್ನು ಕೇಳಿದ್ದರಾ? ಆದರೆ ಕೋಲ್ಡ್‌ಪ್ಲೇ ಅನ್ನುವ ದೊಡ್ಡ ತಂಡ 2005ರಲ್ಲಿ ತಮ್ಮ ಒಂದು ಹಾಡಿಗೆ ಇವರ ರಾಗ ಬೇಕು ಅಂತ ಮೊದಲೇ ಬರೆದು ಕೇಳಿತು, ಇವರು ಕೊಟ್ಟರು, ಹೆಸರೂ ಹಾಕಿದರು. ಕೇಳಿದ್ದರೆ ಕೊಡುತ್ತಿದ್ದರು. ಜಗಳ ಇರುವುದು ಕೇಳದೆ ಹೋದದ್ದರಲ್ಲಿ. ದೊಡ್ಡಪ್ಪ ಜಗುಲಿ ಮೇಲೆ ಕೂತು ಕೇಳಿದ್ದೂ ದುಡ್ಡಿನ ಪ್ರಶ್ನೆ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ.

ಅವರಿಗೂ ನಮಗೂ ಇರುವ ವ್ಯತ್ಯಾಸ ಒಂದೇ. ಅವರ ಬಡಿತಕ್ಕೆ ರೆಕಾರ್ಡ್ ಇತ್ತು, ರೆಕಾರ್ಡಿನ ಮೇಲೆ ವರ್ಷ ಇತ್ತು, ಹೆಸರಿತ್ತು. ರೆಕಾರ್ಡ್ ಇದ್ದರೆ ಏನಾಗುತ್ತೆ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಬಾಂಬೆಯಲ್ಲಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅಂತ ಒಬ್ಬರು. 1982ರಲ್ಲಿ ಅದೇ 808 ಮಿಷಿನ್ನು, ಜೊತೆಗೆ 303 ಅನ್ನುವ ಇನ್ನೊಂದು ಮಿಷಿನ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ಎಲ್‌ಪಿ ಮಾಡಿದರು. ಯಾರೂ ಕೊಳ್ಳಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಹಾಲೆಂಡಿನ ಒಬ್ಬ ರೆಕಾರ್ಡ್ ಹುಚ್ಚನಿಗೆ ಅದರ ಒಂದು ಪ್ರತಿ ದೆಹಲಿಯಲ್ಲಿ ಸಿಕ್ಕಿತು. 2010ರಲ್ಲಿ ಮತ್ತೆ ಅಚ್ಚಾಯಿತು. ಅಮೆರಿಕಾದ ಆಸಿಡ್ ಹೌಸ್ ಅನ್ನುವ ಸಂಗೀತಕ್ಕಿಂತ ಮೊದಲೇ ಇವರು ಆ ಸದ್ದು ಮಾಡಿದ್ದರು ಅಂತ ಲೋಕವೆಲ್ಲಾ ಬರೆಯಿತು. ಮುದುಕ ವಯಸ್ಸಿನಲ್ಲಿ ಅವರು ಯುರೋಪಿನಲ್ಲಿ ಅದೇ ಮಿಷಿನ್ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು. ಆ ಒಂದು ಪ್ರತಿ ಇಲ್ಲದೆ ಹೋಗಿದ್ದರೆ?

ನಮ್ಮ ತಮಟೆಗೆ ಆ ಪ್ರತಿ ಇಲ್ಲ. ಇಲ್ಲದೆ ಇರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ತಮಟೆ ಯಾವ ಕೇರಿಯದ್ದು, ಯಾರು ಬಾರಿಸಬೇಕು, ಯಾರ ಮನೆ ಮುಂದೆ ಎಷ್ಟು ದೂರದಲ್ಲಿ ನಿಂತು ಬಾರಿಸಬೇಕು ಅನ್ನುವುದು ಈ ನಾಲ್ಕು ತಾಲ್ಲೂಕಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಾವಿಗೆ, ಸಾರುವುದಕ್ಕೆ ಬಿಟ್ಟಿ ಚಾಕರಿಯಾಗಿ ಬಾರಿಸಿದವರ ಮಕ್ಕಳು ತಮಟೆ ಕೆಳಗಿಟ್ಟರು. ಇಟ್ಟಿದ್ದು ಸರಿ. ಆಮೇಲೆ ದಲಿತ ಚಳವಳಿಯ ಹಾಡು, ಬೀದಿ ನಾಟಕಗಳ ಜೊತೆ ಅದೇ ತಮಟೆ ಬೇರೆ ಗತ್ತಿನಲ್ಲಿ ವಾಪಸ್ ಬಂತು. ಪಿಚ್ಚಳ್ಳಿ ಶ್ರೀನಿವಾಸ್ ಅವರ ಹಾಡು ಕೇಳಿದವರಿಗೆ, ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆ ಹಾಡಿಗೆ ಹೋಗಿ ಬಂದವರಿಗೆ ಅದು ಗೊತ್ತು. ನಮ್ಮ ಜಿಲ್ಲೆಯಿಂದ ಬೇರೆಯಾದ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೇ. ಆ ದಿನ ದೊಡ್ಡಪ್ಪ ಪೇಪರ್ ತರಿಸಿ ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಆದರೆ ಹಬ್ಬದ ಮುಂದೆ ಬಾರಿಸುವ ಹೆಸರಿಲ್ಲದ ನೂರಾರು ಸೆಟ್ಟುಗಳ ಕಥೆ ಮೊದಲಿನ ಹಾಗೇ ಇದೆ.

ಕಾನೂನು ಏನು ಹೇಳುತ್ತೆ ಅಂತ ಕೋಲಾರ ಕೋರ್ಟಿನ ಹತ್ತಿರ ಒಬ್ಬ ವಕೀಲ ಗೆಳೆಯನನ್ನು ಕೇಳಿದೆ. ಅವನು ಪುಸ್ತಕ ತೆಗೆದು ತೋರಿಸಿದ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬಾರಿಸುವವರಿಗೂ ಹಕ್ಕಿದೆ. 38ನೇ ಸೆಕ್ಷನ್ನು, 1994ರಲ್ಲಿ ಹೊಸದಾಗಿ ಬರೆದಿದ್ದು. ಹಾಡುವವರು, ವಾದ್ಯದವರು, ಕುಣಿಯುವವರು ಎಲ್ಲರೂ ಪ್ರದರ್ಶಕರ ಲೆಕ್ಕಕ್ಕೆ ಬರುತ್ತಾರೆ. ಜನರ ಮುಂದೆ ಬಾರಿಸಿದ್ದನ್ನು ಮನೆಯಲ್ಲಿ ಕೇಳಿಕೊಳ್ಳಲು ಹಿಡಿದರೆ ತಪ್ಪಲ್ಲ, ಸುದ್ದಿಗೆ ಒಂದು ತುಂಡು ತೋರಿಸಿದರೂ ತಪ್ಪಲ್ಲ. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚಿದರೆ, ಮಾರಿದರೆ ತಪ್ಪು. ಹಕ್ಕು ಐವತ್ತು ವರ್ಷ ಇರುತ್ತೆ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿದೆ: ಇದನ್ನು ಬಾರಿಸಿದವನು ನಾನು ಅಂತ ಹೆಸರು ಹೇಳಿಸಿಕೊಳ್ಳುವ ಹಕ್ಕು. ತಾಳ ಯಾರ ಸ್ವತ್ತೂ ಅಲ್ಲ, ಅದು ಊರಿನದ್ದು, ಹಿರಿಯರದ್ದು. ಆದರೆ ಆ ರಾತ್ರಿ ಆ ಆರು ಜನ ಬಾರಿಸಿದ ಬಾರಿಸುವಿಕೆ ಅವರದ್ದು. "ಇದೆಲ್ಲಾ ಸರಿ, ಬಾರಿಸಿದ್ದು ಇವರೇ ಅಂತ ಸಾಬೀತು ಹೇಗೆ ಮಾಡ್ತೀಯ? ಬೆರಳು ತೋರಿಸ್ತೀಯಾ?" ಅಂದ ಗೆಳೆಯ. ತಮಾಷೆಗೆ ಅಂದಿದ್ದು.

ಕೋರ್ಟು ಕಚೇರಿ ಬೇಡ ಅಂತ ದೊಡ್ಡಪ್ಪ ಮೊದಲೇ ಹೇಳಿದ್ದರು. ಹಾಗಾಗಿ ನಾವು ಮಾಡಿದ್ದು ಬೇರೆ. ಮಾವಿನ ಫಸಲು ಮುಗಿದ ಮೇಲೆ ಒಂದು ಭಾನುವಾರ ಆರೂ ಜನರನ್ನು ತೋಪಿನಲ್ಲಿ ಸೇರಿಸಿದೆ. ಮಾಲೂರಿನ ಹುಡುಗನನ್ನೂ ಕರೆದೆ. ಬರಲ್ಲ ಅಂದುಕೊಂಡಿದ್ದೆ, ಎರಡು ಮೈಕು, ಲ್ಯಾಪ್‌ಟಾಪು ತಗೊಂಡು ಬಂದ. ದೊಡ್ಡಪ್ಪ ಅವನನ್ನು ಕಂಡ ತಕ್ಷಣ "ಬಾ ನಾಯ್ನ, ಊಟ ಆಯ್ತಾ" ಅಂದರು. ಅವನಿಗೆ ಏನು ಹೇಳಬೇಕು ಗೊತ್ತಾಗದೆ ವೈರು ಬಿಡಿಸುತ್ತಾ ಕೂತ.

ಹುಲ್ಲು ಹಚ್ಚಿ ತಮಟೆ ಕಾಯಿಸಿದರು. ಒಬ್ಬೊಬ್ಬರೇ ಬಾರಿಸಿದ್ದು ಬೇರೆ, ಆರೂ ಜನ ಸೇರಿ ಬಾರಿಸಿದ್ದು ಬೇರೆ. ದೀಪದ್ದು, ಮದುವೆಯದ್ದು, ಕರಗದ ಹೆಜ್ಜೆಯದ್ದು. ಸಾವಿನದ್ದು ಬಾರಿಸಿ ಅಂದೆ, ಸುಮ್ಮಸುಮ್ಮನೆ ಬಾರಿಸಬಾರದು ಅಂತ ಬೇಡ ಅಂದರು. ಹುಡುಗ ಮೊದಲು ಕಂಪ್ಯೂಟರಿನ ಟಿಕ್ ಟಿಕ್ ಕೇಳಿಸಿಕೊಂಡು ಅದಕ್ಕೆ ಸರಿಯಾಗಿ ಬಾರಿಸಿ ಅಂದ. ಹೆಡ್‌ಫೋನ್ ಹಾಕಿಕೊಂಡ ದೊಡ್ಡಪ್ಪ ಎರಡು ನಿಮಿಷಕ್ಕೆ ತೆಗೆದಿಟ್ಟರು. "ಇದು ನಮ್ಮ ಹಿಂದೆ ಬರಬೇಕು, ನಾವು ಇದರ ಹಿಂದೆ ಹೋಗೋದಲ್ಲ" ಅಂದರು. ಹುಡುಗ ಟಿಕ್ ಟಿಕ್ ತೆಗೆದ. ಸಂಜೆ ತನಕ ಕೂತು ಮಿಷಿನ್ ತಾಳವನ್ನೇ ಅವರ ಎಡವಿಗೆ ತಕ್ಕ ಹಾಗೆ ಸರಿಸಿ ಸರಿಸಿ ಕೂರಿಸಿದ. ಅದು ಸುಲಭದ ಕೆಲಸ ಅಲ್ಲವಂತೆ.

ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದರು. ಈ ರೆಕಾರ್ಡಿಂಗ್ ಬಳಸಿದ ಪ್ರತಿ ಪ್ರೋಗ್ರಾಮಿಗೆ ಹುಡುಗ ಸೆಟ್ಟಿಗೆ ಇಷ್ಟು ಅಂತ ಕೊಡಬೇಕು. ಮೊತ್ತ ಇಲ್ಲಿ ಬರೆಯಲ್ಲ, ದೊಡ್ಡದೇನಲ್ಲ. ಇಲ್ಲಿಯವರೆಗೆ ಮೂರು ಸಲ ಕೊಟ್ಟಿದ್ದಾನೆ, ಒಂದು ಸಲ ಕೇಳಿದ ಮೇಲೆ. ವಾಟ್ಸಾಪಿನಲ್ಲಿ ಓಡಾಡುತ್ತಿರುವ ಹಳೆಯ ಮಿಕ್ಸ್ ಓಡಾಡುತ್ತಲೇ ಇದೆ, ಅದಕ್ಕೆ ಯಾರೂ ಏನೂ ಮಾಡಲಿಕ್ಕಾಗಲ್ಲ.

ತೊಡಕು ಬಂದಿದ್ದು ನಾನು ಯೋಚಿಸದ ಕಡೆಯಿಂದ. ಫೈಲಿಗೆ ಆರೂ ಜನರ ಹೆಸರು, ಊರು ಹಾಕಿ ಯೂಟ್ಯೂಬಿಗೆ ಏರಿಸೋಣ ಅಂತ ಬರೆದುಕೊಳ್ಳುತ್ತಾ ಹೋದೆ. ಐದು ಜನ ಹೇಳಿದರು. ಆರನೆಯವನು ಸೆಟ್ಟಿನಲ್ಲಿ ಎಲ್ಲರಿಗಿಂತ ಚಿಕ್ಕವನು, ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಕೆಲಸ. ಬೈಕ್ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಅಂದ: "ಅಣ್ಣಾ, ನಂದು ಬೇಡ. ಆಫೀಸಲ್ಲಿ ಯಾರಾದ್ರೂ ನೋಡಿದ್ರೆ..."

ಮುಂದಕ್ಕೆ ಹೇಳಲಿಲ್ಲ. ಬಾಡಿಗೆ ಮನೆ, ಕ್ಯಾಂಟೀನ್ ಟೇಬಲ್ಲು, ಎಲ್ಲ ಕಡೆ ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟುಕೊಂಡು ಬಂದಿದ್ದಾನೋ ನನಗೆ ಗೊತ್ತಿಲ್ಲದ್ದೇನಲ್ಲ. ದೊಡ್ಡಪ್ಪನಿಗೆ ಹೇಳಿದೆ. ಅವರು ತುಂಬಾ ಹೊತ್ತು ತಮಟೆಯ ಬೂದಿ ಒರೆಸುತ್ತಾ ಇದ್ದರು. ಆಮೇಲೆ "ಐದು ಹೆಸರು ಹಾಕು. ಕೆಳಗೆ ಮತ್ತೊಬ್ಬರು ಅಂತ ಬರಿ. ಯಾವತ್ತಾದ್ರೂ ಅವನೇ ಬಂದು ಬರೆಸ್ತಾನೆ" ಅಂದರು.

ಯೂಟ್ಯೂಬಿನಲ್ಲಿ ಈಗ ಹಾಗೇ ಇದೆ. ಐದು ಹೆಸರು, ಮತ್ತೊಬ್ಬರು.